ಬಾರದ ಫೋನಿಗೆ ಕಾಯುವ ಕೆಲಸ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನಿದ್ದೆಯ ತೊಂದರೆಗೆಂದು ನನ್ನ ಹತ್ತಿರ ಬಂದವರೊಬ್ಬರ ಜೊತೆ ಒಳಗೆ ಮಾತಾಡುತ್ತಾ ಕೂತಿದ್ದೆ. ಹೊರಗೆ ಬೆಂಚಿನ ಮೇಲಿದ್ದ ಯಾರದೋ ಫೋನ್ ರಿಂಗಾಯಿತು. ಇವರು ಎದ್ದು ನಿಂತೇಬಿಟ್ಟರು. ಇವರ ಫೋನ್ ಇವರ ಕೈಯಲ್ಲೇ ಇತ್ತು, ಸುಮ್ಮನಿತ್ತು.

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ವಯಸ್ಸು 36, ತಿಂಗಳ ಸಂಬಳ. ಹಂಗಾಮು ಶುರುವಾದರೆ ಮಿಲ್ಲು ಹಗಲೂ ರಾತ್ರಿ ಓಡುತ್ತದೆ. ಮೋಟರ್ ಟ್ರಿಪ್ಪಾಗಿ ನಿಂತರೆ ಗೇಟಿನಾಚೆ ಕಬ್ಬಿನ ಟ್ರ್ಯಾಕ್ಟರ್ ಸಾಲುಗಟ್ಟುತ್ತವೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಹಾಗಾಗಿ ಕರೆ ಬಂದ 20 ನಿಮಿಷದಲ್ಲಿ ಇವರು ಅಲ್ಲಿರಬೇಕು.

“ಮನ್ಯಾಗ ಇರ್ತೀನ್ರಿ ಮೇಡಂ, ಆದ್ರ ಇದ್ದಂಗ ಅಲ್ರಿ,” ಅಂದರು. ಸ್ನಾನಕ್ಕೆ ಹೋದರೂ ಫೋನ್ ಸೋಪಿನ ಡಬ್ಬಿ ಪಕ್ಕ. ಹೆಂಡತಿ ತವರಿನ ಮದುವೆಗೆ ಇಳಕಲ್‌ಗೂ ಹೋಗಿಲ್ಲ. ಹೀಗೆ ಕಾಯುವುದಕ್ಕೆ ಭತ್ಯೆ ಕೇಳಿದರೆ ಸಾಹೇಬರದು ಒಂದೇ ಮಾತು: “ಫೋನ್ ಬರಲಿಲ್ಲ ಅಂದ್ರ ಕೆಲಸ ಎಲ್ಲಿ ಮಾಡಿದ್ರಿ?”

ಈ ಮಾತು ನನಗೆ ಒಪ್ಪಿಗೆಯಿಲ್ಲ. ಕಾವಲುಗಾರನಿಗೆ ಕಳ್ಳ ಬಂದ ರಾತ್ರಿಯ ಸಂಬಳ ಮಾತ್ರ ಕೊಡ್ತೀವಾ? ಬೆಲ್ಜಿಯಂನಲ್ಲಿ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಕರೆ ಬಂದ 8 ನಿಮಿಷದಲ್ಲಿ ಠಾಣೆ ಮುಟ್ಟಬೇಕಿತ್ತು. ಹಾಗೆ ಮನೆಯಲ್ಲೇ ಕಾಯುವುದೂ ಕೆಲಸದ ಸಮಯವೇ ಎಂದು ಯುರೋಪಿನ ನ್ಯಾಯಾಲಯ 2018ರಲ್ಲಿ ಹೇಳಿತು. ಅದಕ್ಕೆಷ್ಟು ದುಡ್ಡು ಅನ್ನುವುದನ್ನು ಮಾತ್ರ ಆಯಾ ದೇಶಕ್ಕೆ ಬಿಟ್ಟಿತು. ನಮ್ಮಲ್ಲಿ ವಾರಕ್ಕೆ 48 ಗಂಟೆ, ಮೀರಿದರೆ ದುಪ್ಪಟ್ಟು ಎಂಬ ಲೆಕ್ಕ 1948ರ ಕಾರ್ಖಾನೆ ಕಾಯ್ದೆಯಿಂದ ಬಂದದ್ದು. ಆದರೆ ಮೇಲ್ವಿಚಾರಣೆಯ ಹುದ್ದೆಯವರು ಸಾಮಾನ್ಯವಾಗಿ ಆ ಹೆಚ್ಚುವರಿ ಗಂಟೆಯ ದುಡ್ಡಿನಿಂದ ಹೊರಗೇ ಉಳಿಯುತ್ತಾರೆ. ಇಷ್ಟನ್ನು ಹೇಳಿ, ಕಾಯ್ದೆಯ ಮಾತಿಗೆ ವಕೀಲರನ್ನು ಕೇಳಿ ಅಂದೆ. ನನ್ನ ಕೆಲಸ ನಿದ್ದೆಯದು.

ಮೂರು ವಾರ ಒಂದು ನೋಟ್‌ಬುಕ್ ಇಡಲು ಹೇಳಿದೆ. ಫೋನ್ ಬಂದ ರಾತ್ರಿ ಯಾವುದು, ಹೋಗಲೇಬೇಕಾಯಿತಾ, ಎಷ್ಟು ಹೊತ್ತು ಮಲಗಿದಿರಿ, ಎಲ್ಲಿಗೆ ಹೋಗುವುದು ತಪ್ಪಿತು. ತಂದು ತೋರಿಸಿದರು. 21 ರಾತ್ರಿಯಲ್ಲಿ ಕರೆ ಬಂದಿದ್ದು ಐದು ಸಲ. ಅದರಲ್ಲಿ ಎರಡು ಕರೆ ಫೋನಲ್ಲೇ ಮುಗಿದಿದ್ದವು. ನೆಟ್ಟಗೆ ನಿದ್ದೆ ಬಂದ ರಾತ್ರಿ ಒಂದೂ ಇರಲಿಲ್ಲ. ಆ ಪುಟವನ್ನು ಅವರೇ ಬಹಳ ಹೊತ್ತು ನೋಡಿದರು.

“ಕೈಕೆಳಗಿನ ಇಬ್ಬರಿಗೆ ಈ ಕೆಲಸ ಬರಲ್ವಾ?” ಕೇಳಿದೆ. ಬರ್ತದ, ಆದ್ರ ನಾ ಹೋದ್ರ ಲಗೂ ಆಗ್ತದ, ಅಂದರು. ಸಮಸ್ಯೆಯ ಅರ್ಧ ಗಂಟು ಇಲ್ಲೇ ಇತ್ತು.

ಬರೀ ದುಡ್ಡು ಕೇಳಬೇಡಿ, ಮೊದಲು ಪಾಳಿ ಕೇಳಿ ಅಂದೆ: ಮೂವರಲ್ಲಿ ವಾರಕ್ಕೊಬ್ಬರು, ರಾತ್ರಿ ಹೋದರೆ ಮರುದಿನ ರಜೆ, ಕಾಯುವ ವಾರಕ್ಕೆ ಇಂತಿಷ್ಟು ಭತ್ಯೆ. ನೋಟ್‌ಬುಕ್ ಜೊತೆಗೇ ಒಯ್ಯಿರಿ. ಪಾಳಿ ಇಲ್ಲದ ವಾರ ರಾತ್ರಿ ಫೋನ್ ಹೆಂಡತಿ ಹತ್ತಿರ ಇರಲಿ, ನೀವು ಎದ್ದು ನೋಡಬೇಡಿ.

ಪಾಳಿ ಸಿಕ್ಕಿತು, ರಜೆಯೂ ಸಿಕ್ಕಿತು. ಭತ್ಯೆ ಮಾತ್ರ “ಬರೋ ಹಂಗಾಮಿಗೆ ನೋಡೋಣ” ಆಗಿದೆ. ಬಿಡಬೇಡಿ, ಬರವಣಿಗೆಯಲ್ಲಿ ಕೇಳಿ ಅಂದಿದ್ದೇನೆ.

ಹೋದ ವಾರ ಅವರ ಹೆಂಡತಿ ಫೋನ್ ಮಾಡಿದ್ದರು. “ಲಗ್ನಕ್ಕ ಹೋಗಿದ್ವಿರಿ. ಅವ್ರ ಫೋನ್ ನನ್ನ ಬ್ಯಾಗಿನ್ಯಾಗ ಇತ್ತು. ಅಕ್ಕಿಕಾಳು ಹಾಕೋದ್ರಾಗ ಮೂರು ಸಲ ಕೇಳಿದ್ರು, ಬಂತೇನ ಅಂತ.”