ಬರಹಗಾರರಿಗೆ ಸಲಹೆ: ಒಂಬತ್ತನೇ ಪುಟದಿಂದ ಶುರುಮಾಡಿ

ಪ್ರಿಯ ಮಿತ್ರರೆ,

ಇಟಲಿ ಸುತ್ತಿದ ಇಂಗ್ಲಿಷ್ ಸಿರಿವಂತರ ಕಾಗದಪತ್ರಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ‘ಸ್ವೀಕೃತವಾಗಿಲ್ಲ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮ ಹನ್ನೆರಡು ಪುಟಗಳಲ್ಲಿ ನಿಜವಾದ ಲೇಖನ ಒಂಬತ್ತನೇ ಪುಟದಲ್ಲಿದೆ. ಅದೂ ಎರಡೇ ಪ್ಯಾರಾ.

ಮೊದಲ ಎಂಟು ಪುಟಗಳಲ್ಲಿ ಏನಾಗಿದೆ ನೋಡಿ. 18ನೇ ಶತಮಾನದಲ್ಲಿ ಜಮೀನ್ದಾರರ ಮಕ್ಕಳು ಓದು ಮುಗಿಸಿ, ಮೇಷ್ಟರೊಬ್ಬರನ್ನು ಕಾವಲಿಗೆ ಕರೆದುಕೊಂಡು ಪ್ಯಾರಿಸ್, ಫ್ಲಾರೆನ್ಸ್, ರೋಮ್, ನೇಪಲ್ಸ್ ಸುತ್ತಿ ಬರುತ್ತಿದ್ದ ಗ್ರ್ಯಾಂಡ್ ಟೂರ್ ಎಂಬ ಪದ್ಧತಿಯನ್ನು ಚೆನ್ನಾಗಿಯೇ ವಿವರಿಸಿದ್ದೀರಿ. ಆಮೇಲೆ ಇಪ್ಪತ್ತೆರಡು ಹೆಸರುಗಳು ಬರುತ್ತವೆ, ಒಬ್ಬೊಬ್ಬರಿಗೆ ಮೂರು ಸಾಲು. ಮದುವೆಮನೆಯಲ್ಲಿ ಯಾರೋ ಕೈಹಿಡಿದು ಎಳೆದುಕೊಂಡು ಹೋಗಿ ಎಲ್ಲರ ಪರಿಚಯ ಮಾಡಿಸಿದ ಹಾಗಾಯಿತು. ಒಬ್ಬರ ಮುಖವೂ ನೆನಪಿನಲ್ಲಿ ಉಳಿಯಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ, ಪತ್ರಗಳನ್ನು ನೀವು ನಂಬಿರುವ ರೀತಿಯದು. ಇಂಗ್ಲಿಷ್ ಬರಹಗಾರ ಹೊರೇಸ್ ವಾಲ್ಪೋಲನ ಪತ್ರಗಳನ್ನು ‘ಮನಸ್ಸಿನ ಕನ್ನಡಿ’ ಎಂದು ಕರೆದಿದ್ದೀರಿ. ಅವನು ಕವಿ ಥಾಮಸ್ ಗ್ರೇ ಜೊತೆ 1739ರಲ್ಲಿ ಹೊರಟವನು. ಫ್ಲಾರೆನ್ಸಿನಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಹೊರೇಸ್ ಮ್ಯಾನ್ ಸ್ನೇಹಿತನಾದ. 1741ರಲ್ಲಿ ವಾಲ್ಪೋಲ್ ಊರಿಗೆ ಮರಳಿದ ಮೇಲೆ ಇಬ್ಬರೂ ಮತ್ತೆ ಮುಖ ನೋಡಲೇ ಇಲ್ಲ. 1786ರಲ್ಲಿ ಮ್ಯಾನ್ ತೀರಿಕೊಳ್ಳುವ ತನಕ ಬರೆದುಕೊಂಡೇ ಇದ್ದರು. ಇಷ್ಟನ್ನು ನೀವೂ ಹೇಳಿದ್ದೀರಿ. ಬಿಟ್ಟಿರುವುದು ಮುಂದಿನ ಸಂಗತಿ: ತಾನು ಬರೆದ ಪತ್ರಗಳನ್ನು ವಾಲ್ಪೋಲ್ ಮ್ಯಾನ್‌ನಿಂದ ವಾಪಸ್ ತರಿಸಿಕೊಳ್ಳುತ್ತಿದ್ದ. ನಕಲು ಮಾಡಿ, ಟಿಪ್ಪಣಿ ಸೇರಿಸಿ, ಬೇಡವೆನಿಸಿದ್ದನ್ನು ಕತ್ತರಿಸಿ ಮುಂದಿನವರಿಗೆಂದು ಜೋಡಿಸಿಟ್ಟ. ಹಾಗಾದ ಮೇಲೆ ಅದು ಕನ್ನಡಿ ಹೇಗಾದೀತು? ಅದು ಭಾವಚಿತ್ರ, ಎಲ್ಲಿ ಕೂರಬೇಕು, ಬೆಳಕು ಎಲ್ಲಿ ಬೀಳಬೇಕು ಎಂದು ತಾನೇ ಹೇಳಿ ಬರೆಸಿಕೊಂಡದ್ದು. 1741ರಲ್ಲಿ ರೆಜ್ಜೊ ಊರಿನಲ್ಲಿ ಗ್ರೇಗೂ ಅವನಿಗೂ ಆದ ಜಗಳದ ಬಗ್ಗೆ ನೀವು ಬರೆದಿರುವುದೂ ಇದೇ ಜಾಡು. ತಪ್ಪು ತನ್ನದೇ ಎಂದು ವಾಲ್ಪೋಲ್ ಒಪ್ಪಿಕೊಂಡ ಪತ್ರ 1773ರದ್ದು. ಗ್ರೇ ಆಗ ಬದುಕಿರಲಿಲ್ಲ, ಪತ್ರ ಹೋದದ್ದು ಗ್ರೇಯ ಜೀವನಚರಿತ್ರೆ ಬರೆಯುತ್ತಿದ್ದ ವಿಲಿಯಂ ಮೇಸನ್‌ಗೆ. ಮೂವತ್ತೆರಡು ವರ್ಷದ ನಂತರ, ಚರಿತ್ರೆಕಾರನ ಕೈಗೆ ಕೊಟ್ಟ ಮಾತನ್ನು ಅಂದಿನ ರಾತ್ರಿಯ ಮಾತೆಂಬಂತೆ ಉದ್ಧರಿಸಬೇಡಿ. ಪತ್ರವನ್ನು ಬಳಸಬಾರದೆಂದು ನಾನು ಹೇಳುತ್ತಿಲ್ಲ. ಯಾರಿಗೆ, ಯಾವಾಗ, ಯಾತಕ್ಕೆ ಬರೆದದ್ದು ಎಂಬುದನ್ನೂ ಜೊತೆಗೇ ಇಡಿ.

ಈಗ ಒಂಬತ್ತನೇ ಪುಟ. ‘ವೆಸ್ಟ್‌ಮೋರ್‌ಲ್ಯಾಂಡ್’ ಹಡಗು. ಇಂಥ ವಸ್ತು ಕೈಗೆ ಸಿಕ್ಕಿಯೂ ಎರಡು ಪ್ಯಾರಾದಲ್ಲಿ ಮುಗಿಸಿದ್ದೀರಲ್ಲ ಎಂದು ನಿಜವಾಗಿ ಸಂಕಟವಾಯಿತು. ಇಟಲಿಯ ಲಿವೊರ್ನೊ ಬಂದರಿನಿಂದ ಹೊರಟ ಈ ಹಡಗನ್ನು 1779ರ ಜನವರಿಯಲ್ಲಿ ಫ್ರೆಂಚ್ ಯುದ್ಧನೌಕೆಗಳು ಹಿಡಿದು ಸ್ಪೇನಿನ ಮಾಲಗಾ ಬಂದರಿಗೆ ತಂದವು. ಒಳಗೆ ಗಾಲಿಯಾಕಾರದ ಪಾರ್ಮೆಸಾನ್ ಚೀಸ್, ಆಲಿವ್ ಎಣ್ಣೆ, ರೇಷ್ಮೆ. ಅವುಗಳ ನಡುವೆ ಈ ಪ್ರವಾಸಿಗರು ಮನೆಗೆ ಕಳಿಸುತ್ತಿದ್ದ ಐವತ್ತಕ್ಕೂ ಹೆಚ್ಚು ಪೆಟ್ಟಿಗೆ ಚಿತ್ರ, ಪುಸ್ತಕ, ನಕಾಶೆ, ಬೀಸಣಿಗೆ, ಅಮೃತಶಿಲೆ. ಬಹುಪಾಲು ಪೆಟ್ಟಿಗೆಗಳನ್ನು ಸ್ಪೇನಿನ ದೊರೆ ಮೂರನೇ ಕಾರ್ಲೋಸ್ ಕೊಂಡು ಮ್ಯಾಡ್ರಿಡ್‌ನ ಸ್ಯಾನ್ ಫರ್ನಾಂಡೊ ಕಲಾ ಅಕಾಡೆಮಿಗೆ ಕೊಟ್ಟ. ಅಲ್ಲಿಯ ಗುಮಾಸ್ತರು ಪಟ್ಟಿ ಬರೆದರು. ವಸ್ತುಗಳ ಮೇಲೆ ‘ಪಿ. ವೈ.’ ಎಂಬ ಗುರುತು ಬಿತ್ತು: ‘ಪ್ರೆಸಾ ಇಂಗ್ಲೆಸಾ’ (ಹಳೆಯ ಸ್ಪ್ಯಾನಿಷ್ ಬರಹದಲ್ಲಿ Ynglesa), ಅಂದರೆ ಇಂಗ್ಲಿಷರಿಂದ ವಶಪಡಿಸಿಕೊಂಡ ಮಾಲು.

ಆ ಪಟ್ಟಿಯನ್ನು ಯಾರೂ ಮೆಚ್ಚುಗೆಗಾಗಿ ಬರೆಯಲಿಲ್ಲ. ಅದಕ್ಕೇ ಅದರ ಬೆಲೆ. ತಾನು ಎಂಥ ರಸಿಕ ಎಂದು ಊರಿಗೆ ಬರೆಯುವಾಗ ಮನುಷ್ಯ ಬಣ್ಣ ಹಚ್ಚುತ್ತಾನೆ; ಪೆಟ್ಟಿಗೆ ಕಟ್ಟುವಾಗ ಹಚ್ಚಲಾರ. ಕೊಂಡದ್ದೇನು, ಯಾವ ಪುಸ್ತಕ ಜೊತೆಗಿತ್ತು ಎಲ್ಲವೂ ಅಲ್ಲಿದೆ. ಪೆಟ್ಟಿಗೆಗಳ ಮೇಲಿದ್ದದ್ದು ಒಡೆಯರ ಮೊದಲಕ್ಷರಗಳು ಮಾತ್ರ. ಇನ್ನೂರು ವರ್ಷ ಕಳೆದ ಮೇಲೆ ವಿದ್ವಾಂಸರು ಕೂತು ಒಂದೊಂದನ್ನೇ ಬಿಡಿಸಿದರು. ‘ಎಚ್. ಆರ್. ಎಚ್. ಡಿ. ಜಿ.’ ಎಂದರೆ ‘ಹಿಸ್ ರಾಯಲ್ ಹೈನೆಸ್ ಡ್ಯೂಕ್ ಆಫ್ ಗ್ಲಾಸ್ಟರ್’, ದೊರೆ ಮೂರನೇ ಜಾರ್ಜನ ತಮ್ಮ. ಈ ಬಿಡಿಸುವ ಕೆಲಸವೇ ನಿಮ್ಮ ಕಥೆಯ ಬೆನ್ನೆಲುಬು. 2012ರಲ್ಲಿ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿ ನಡೆದ ಈ ವಸ್ತುಗಳ ಪ್ರದರ್ಶನದ ಬಗ್ಗೆ ನೀವು ಅರ್ಧ ವಾಕ್ಯ ಬರೆದಿದ್ದೀರಿ. ಅದನ್ನು ಹಿಗ್ಗಿಸಿ.

ಇಪ್ಪತ್ತೆರಡು ಜನ ಬೇಡ, ಇಬ್ಬರು ಸಾಕು. ಫ್ರಾನ್ಸಿಸ್ ಬ್ಯಾಸೆಟ್ ಮತ್ತು ಲ್ಯೂಯಿಶಮ್ಮಿನ ಜಾರ್ಜ್ ಲೆಗ್. ರೋಮಿನಲ್ಲಿ ಇಬ್ಬರೂ ಪೊಂಪಿಯೊ ಬಟೋನಿಯಿಂದ ಭಾವಚಿತ್ರ ಬರೆಸಿಕೊಂಡರು. ಆ ಚಿತ್ರಗಳು ಮನೆ ಸೇರಲಿಲ್ಲ, ಇಂದಿಗೂ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿವೆ. ಇಲ್ಲಿ ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ದುಡ್ಡು ಎಲ್ಲಿಂದ ಬಂತು? ಬ್ಯಾಸೆಟ್ ಮನೆತನದ ಸಂಪತ್ತು ಕಾರ್ನ್‌ವಾಲಿನ ತಾಮ್ರ, ತವರದ ಗಣಿಗಳಿಂದ ಬಂದದ್ದು. ಲೆಗ್‌ನ ತಂದೆ ಡಾರ್ಟ್‌ಮತ್ 1775ರ ತನಕ ವಸಾಹತುಗಳ ಮಂತ್ರಿ. ಅಮೆರಿಕದ ಯುದ್ಧ ಶುರುವಾದದ್ದು ಅವನ ಕಾಲದಲ್ಲೇ. ಅದೇ ಯುದ್ಧಕ್ಕೆ 1778ರಲ್ಲಿ ಬ್ರಿಟನ್ನಿನ ವಿರುದ್ಧ ಫ್ರಾನ್ಸ್ ಇಳಿಯಿತು, ಮಗನ ಚಿತ್ರವಿದ್ದ ಹಡಗು ಸಿಕ್ಕಿಬಿತ್ತು. ನೀವು ‘ಕನಸುಗಣ್ಣಿನ ಯುವಕ’ ಎಂದು ಹೊಗಳಿರುವ ವಿಲಿಯಂ ಬೆಕ್‌ಫರ್ಡ್‌ನ ಹಣವಂತೂ ಜಮೈಕಾದ ಗುಲಾಮರು ಬೆವರು ಹರಿಸಿದ ಕಬ್ಬಿನ ತೋಟಗಳದ್ದು. ಅವನನ್ನು ಇಟ್ಟುಕೊಳ್ಳುವುದಾದರೆ ಅದನ್ನು ಹೇಳಿಯೇ ಇಟ್ಟುಕೊಳ್ಳಿ. 1783ರಲ್ಲಿ ಅಚ್ಚಾದ ತನ್ನದೇ ಪ್ರವಾಸ ಪುಸ್ತಕದ ಪ್ರತಿಗಳನ್ನು ಅವನು ಹೆಚ್ಚುಕಡಿಮೆ ಪೂರ್ತಿ ನಾಶ ಮಾಡಿಸಿದ್ದನ್ನೂ ಹೇಳಿ. ಇಲ್ಲದ ಕಾಗದವೂ ಸಾಕ್ಷಿಯೇ.

ಭಾಷೆಯ ಬಗ್ಗೆ ಎರಡು ಮಾತು. ‘ಅವನು ಇಟಲಿಯೊಂದಿಗೆ ಪ್ರೀತಿಯಲ್ಲಿ ಬಿದ್ದನು’ ಎಂದು ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮಾತಾಡುತ್ತಾರೆಯೆ? ಇಟಲಿ ಅವನಿಗೆ ಹುಚ್ಚು ಹಿಡಿಸಿತು ಅನ್ನಿ. ನೇಪಲ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ವಿಲಿಯಂ ಹ್ಯಾಮಿಲ್ಟನ್ ಅಲ್ಲಿ ಕೂಡಿಹಾಕಿ, 1772ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಮಾರಿದವು ‘ಹೂದಾನಿ’ಗಳಲ್ಲ. ಎಣ್ಣೆ, ದ್ರಾಕ್ಷಾರಸ ತುಂಬುತ್ತಿದ್ದ ಮಣ್ಣಿನ ಚಿತ್ರಪಾತ್ರೆಗಳು ಅವು. ಓದುಗರು ಹೂದಾನಿ ಅಂದಕೂಡಲೇ ಟೀಪಾಯಿಯ ಮೇಲಿನದನ್ನೇ ನೆನೆಯುತ್ತಾರೆ.

ಮರಳಿ ಬರೆಯುವಾಗ ಮೊದಲ ಎಂಟು ಪುಟಗಳನ್ನು ಎದುರಿಗೆ ಇಟ್ಟುಕೊಳ್ಳಬೇಡಿ, ತಿದ್ದುವ ಆಸೆ ಹುಟ್ಟುತ್ತದೆ. ಮಾಲಗಾದ ಧಕ್ಕೆಯ ಮೇಲೆ ಪೆಟ್ಟಿಗೆ ಇಳಿಸುವಲ್ಲಿಂದ ಶುರುಮಾಡಿ. ‘ಒಡೆಯನ ಹೆಸರು ಗೊತ್ತಿಲ್ಲದವರು ಒಡೆಯನ ಪುಸ್ತಕ ಎಣಿಸಿದರು’ ಎಂಬ ನಿಮ್ಮ ಸಾಲು ಹಾಗೇ ಇರಲಿ, ಒಂದಕ್ಷರ ಮುಟ್ಟಬೇಡಿ. ಎರಡು ಸಾವಿರ ಪದದೊಳಗೆ ಮುಗಿಸಿ ನೇರವಾಗಿ ನನ್ನ ಹೆಸರಿಗೇ ಕಳಿಸಿ. ಬಂದ ವಾರದಲ್ಲೇ ಓದಿ ಉತ್ತರ ಬರೆಯುತ್ತೇನೆ.

ಇಂತಿ,
ಸಂಪಾದಕ