ಮಾರಿಷಸ್‌ನಲ್ಲಿ ಲೀಸ್ ಮೇಲೆ ಕಾರು: ಸಹಿ ಹಾಕುವ ಮುಂಚೆ

ಪ್ರಶ್ನೆ: ನಾನು ಮಾರಿಷಸ್‌ನ ಎಬೆನ್‌ನಲ್ಲಿ ಐಟಿ ಕೆಲಸದಲ್ಲಿದ್ದೇನೆ. ಇಲ್ಲಿನ 5 ಲಕ್ಷ ರೂಪಾಯಿಗೆ ಒಂದು ಕಾರು ನೋಡಿದ್ದೇನೆ. ಒಂದು ಲೀಸಿಂಗ್ ಕಂಪನಿ 7 ವರ್ಷದ ಕಂತು ಮಾಡಿಕೊಡುತ್ತೇವೆ ಅನ್ನುತ್ತಿದೆ. ಅದೇ ಕಂಪನಿ ಎಫ್‌ಡಿ ಕೂಡ ತೆಗೆದುಕೊಳ್ಳುತ್ತದೆ, ಆದರೆ ಬ್ಯಾಂಕ್ ಅಲ್ಲ. ನಂಬಬಹುದಾ? ಎರಡು-ಮೂರು ವರ್ಷದಲ್ಲಿ ಊರಿಗೆ ಮರಳುವ ಯೋಚನೆ ಇದೆ.

ಉತ್ತರ: ಕಂಪನಿಯ ಬಗ್ಗೆ ನನಗೆ ಅಷ್ಟು ಆತಂಕ ಇಲ್ಲ. ಆ 7 ವರ್ಷದ ಬಗ್ಗೆ ಇದೆ.

ಮೊದಲು ಕಂಪನಿಯ ವಿಷಯ. ಬ್ಯಾಂಕ್ ಆಗದೆಯೂ ಜನರಿಂದ ಠೇವಣಿ ಪಡೆಯುವ ಸಂಸ್ಥೆಗಳಿಗೆ ಅಲ್ಲಿ 2004ರ ಬ್ಯಾಂಕಿಂಗ್ ಕಾಯ್ದೆಯಡಿ ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಮಾರಿಷಸ್ ಲೈಸೆನ್ಸ್ ಕೊಡುತ್ತದೆ. ಪಟ್ಟಿ ಅದರ ವೆಬ್‌ಸೈಟ್‌ನಲ್ಲೇ ಇದೆ, ಹೆಸರು ಇದೆಯಾ ನೋಡಿ. ಇವು ಕರೆಂಟ್ ಅಕೌಂಟ್ ತೆರೆಯುವುದಿಲ್ಲ, ಚೆಕ್‌ಬುಕ್ ಕೊಡುವುದಿಲ್ಲ. ನಮ್ಮಲ್ಲಿ ಠೇವಣಿ ಪಡೆಯುವ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ) ಇವೆಯಲ್ಲ, ಆ ಥರ. ಒಂದು ದೊಡ್ಡ ವ್ಯತ್ಯಾಸ ಇದೆ. ಭಾರತದಲ್ಲಿ ಎನ್‌ಬಿಎಫ್‌ಸಿ ಠೇವಣಿಗೆ ವಿಮೆ ಇಲ್ಲ. ಮಾರಿಷಸ್‌ನ 2019ರ ಠೇವಣಿ ವಿಮೆ ಕಾಯ್ದೆ ಇಂಥ ಸಂಸ್ಥೆಗಳನ್ನೂ ಸೇರಿಸಿಕೊಂಡಿದೆ, ಮಿತಿ 3 ಲಕ್ಷ ಮಾರಿಷಸ್ ರೂಪಾಯಿ. ಎಫ್‌ಡಿ ಇಡುವುದಾದರೆ ಒಂದು ಕಡೆ ಅದಕ್ಕಿಂತ ಜಾಸ್ತಿ ಬೇಡ.

ಸಾಲ ಕೊಡುವುದರಲ್ಲಿ ಇವು ಹೊಸಬರೇನಲ್ಲ. 1960ರಲ್ಲಿ ಕ್ಯಾರೊಲ್ ಚಂಡಮಾರುತ ದ್ವೀಪದ ಮನೆಗಳನ್ನು ನೆಲಸಮ ಮಾಡಿತು. ಮೂರು ವರ್ಷಕ್ಕೆ ಹುಟ್ಟಿದ್ದು ಮನೆ ಸಾಲ ಕೊಡುವ ಸರ್ಕಾರಿ ಹೌಸಿಂಗ್ ಕಾರ್ಪೊರೇಷನ್. ಈಗ ಅದು ಮಾರಿಷಸ್ ಹೌಸಿಂಗ್ ಕಂಪನಿ, ಬ್ಯಾಂಕ್ ಆಗದೆಯೂ ಠೇವಣಿ ಪಡೆಯುವ ಇಂಥದ್ದೇ ಸಂಸ್ಥೆ. ಉಳಿದವುಗಳಲ್ಲಿ ಹಲವು ವಾಹನದ ಲೀಸ್‌ನಲ್ಲೇ ಬೆಳೆದವು.

ಇನ್ನು ನಿಮ್ಮ ಕಂತು. ಲೀಸ್ ಅಂದರೆ ಕಂಪನಿ ಕಾರು ಕೊಂಡು ನಿಮಗೆ ಕಂತಿನ ಮೇಲೆ ಕೊಡುವುದು. ಅದು ಸಾಮಾನ್ಯವಾಗಿ ನಿಶ್ಚಿತ ಬಡ್ಡಿಯದು. ಇದು ನಿಜಕ್ಕೂ ಒಳ್ಳೆಯದು. 2022ರ ಮಾರ್ಚ್‌ನಿಂದ ಡಿಸೆಂಬರ್ ಒಳಗೆ ಬ್ಯಾಂಕ್ ಆಫ್ ಮಾರಿಷಸ್ ತನ್ನ ಮೂಲ ದರವನ್ನು (ಉಳಿದ ಬಡ್ಡಿಗಳಿಗೆ ಆಧಾರವಾಗುವ ದರ) ಶೇ 1.85ರಿಂದ ಶೇ 4.50ಕ್ಕೆ ಏರಿಸಿತು. ಆಗ ಬದಲಾಗುವ ಬಡ್ಡಿಯ ಸಾಲ ಇದ್ದವರಿಗೆ ಬಿಸಿ ತಟ್ಟಿತು, ನಿಶ್ಚಿತ ದರದವರು ಮೊದಲಿನ ಕಂತನ್ನೇ ಕಟ್ಟಿದರು. ಕಂಪನಿಗೆ ಇದು ಸಾಧ್ಯವಾಗುವುದು ಹೇಗೆ? ಅದು ಸಾಲ ಕೊಡುವ ಹಣದಲ್ಲಿ ಒಂದು ಪಾಲು ಯಾರೋ ಇಷ್ಟು ವರ್ಷಕ್ಕೆ, ಇಷ್ಟು ಬಡ್ಡಿಗೆ ಅಂತ ಇಟ್ಟ ಎಫ್‌ಡಿ. ನೀವು ನಡುವೆ ಲೀಸ್ ಮುಗಿಸಿದರೂ ಆ ಠೇವಣಿದಾರರಿಗೆ ಅದು ಬಡ್ಡಿ ಕೊಡಲೇಬೇಕು. ಹಾಗಾಗಿಯೇ ಬೇಗ ಮುಗಿಸುವವರಿಂದ ಶುಲ್ಕ ಕೇಳುತ್ತಾರೆ. ಎಷ್ಟು ಅಂತ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಸಾಲದು.

ಲೆಕ್ಕ ಹಾಕಿ ನೋಡೋಣ. ಶೇ 7 ಬಡ್ಡಿ ಅಂತ ಇಟ್ಟುಕೊಳ್ಳಿ. 5 ಲಕ್ಷಕ್ಕೆ 7 ವರ್ಷದ ಕಂತು ತಿಂಗಳಿಗೆ ಸುಮಾರು 7,550. ಎರಡು ವರ್ಷದಲ್ಲಿ ನೀವು 1.81 ಲಕ್ಷ ಕಟ್ಟಿರುತ್ತೀರಿ, ಅಸಲು ಕರಗಿರುವುದು 1.19 ಲಕ್ಷ ಮಾತ್ರ. ಇನ್ನೂ 3.81 ಲಕ್ಷ ಬಾಕಿ! ಕಾರು ಅಷ್ಟಕ್ಕೆ ಹೋಗದಿದ್ದರೆ ಉಳಿದದ್ದು ನಿಮ್ಮ ಜೇಬಿನಿಂದಲೇ. ಅದೂ ಅಲ್ಲದೆ, ಕೊನೆಯ ಕಂತು ತೀರುವವರೆಗೆ ಕಾರಿನ ಮಾಲೀಕ ಕಂಪನಿಯೇ. ಅವರ ಒಪ್ಪಿಗೆ ಇಲ್ಲದೆ ನೀವು ಅದನ್ನು ಮಾರುವಂತಿಲ್ಲ. ವಿಮಾನದ ಟಿಕೆಟ್ ಕೈಯಲ್ಲಿ ಹಿಡಿದು ಈ ಮಾತುಕತೆಗೆ ಕೂರುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಹಾಗೇ ಬಿಟ್ಟು ಬಂದರೆ ಆಯ್ತು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2005ರಿಂದ ಅಲ್ಲಿ ಸಾಲಗಾರರ ಮಾಹಿತಿ ಕೇಂದ್ರ ಇದೆ, ಬಾಕಿ ಅಲ್ಲಿ ದಾಖಲಾಗುತ್ತದೆ. ನಾಳೆ ಮತ್ತೆ ಅದೇ ದೇಶದಲ್ಲಿ ಕೆಲಸ ಸಿಗಬಹುದು, ಅಲ್ವಾ?

ನನ್ನ ಸಲಹೆ: ಕೈಯಲ್ಲಿರುವ ಹಣಕ್ಕೆ ಸ್ವಲ್ಪ ಹಳೆಯ, ಅಗ್ಗದ ಕಾರು ನೋಡಿ. ಸಾಲ ಬೇಕೇ ಬೇಕು ಅಂದರೆ ಮುಂಗಡ ಜಾಸ್ತಿ ಕಟ್ಟಿ, ಅವಧಿಯನ್ನು 3 ವರ್ಷಕ್ಕೆ ಇಳಿಸಿ. ಕಂಪನಿ ಜೊತೆ ತಕರಾರು ಬಂದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಬಗೆಹರಿಯದಿದ್ದರೆ ಗ್ರಾಹಕರ ದೂರು ವಿಚಾರಿಸುವ ಹಣಕಾಸು ಸೇವೆಗಳ ಒಂಬುಡ್ಸ್‌ಪರ್ಸನ್ ಕಚೇರಿ ಇದೆ. ಎಫ್‌ಡಿ ಇಡುವುದಾದರೆ, ಅದು ನೀವು ಊರಿಗೆ ಹೊರಡುವ ತಿಂಗಳಿಗಿಂತ ಮುಂಚೆ ಮುಗಿಯುವಂತೆ ಇಡಿ.