‘ಬೀಜ’ ಅಂತ ಅಚ್ಚು ಹಾಕಿದ್ದು ತಪ್ಪೇನ್ರಿ?

ಸಿಂಧನೂರಿನ ಹಿರಿಯ ಓದುಗರೊಬ್ಬರು ಸಿಟ್ಟಿನಲ್ಲಿ ಬರೆದಿದ್ದಾರೆ: ‘ಹೋದ ಸಂಚಿಕೆಯ ಆರೋಗ್ಯ ಪುಟದಲ್ಲಿ ಬೀಜ ತಿರುಚಿದರೆ ಅಂತ ದಪ್ಪಕ್ಷರದಲ್ಲಿ ಹಾಕಿದ್ದೀರಿ. ಹೆಣ್ಣುಮಕ್ಕಳು ಓದುವ ಪತ್ರಿಕೆ. ವೃಷಣ ಅಂತ ಬರೆಯೋಕೆ ಏನಾಗಿತ್ತು? ಇಂಥ ಮಾತು ನಮ್ಮ ಕಡೆ ಬಿಟ್ಟು ಇನ್ನೆಲ್ಲಾದರೂ ಇದೆಯಾ?’

ಇದೆ ಸಾಹೇಬ್ರೇ, ಬೇಕಾದಷ್ಟಿದೆ. ಸ್ಪ್ಯಾನಿಷ್, ಜರ್ಮನ್, ರಷ್ಯನ್ ಮಂದಿ ಮೊಟ್ಟೆ ಅಂತಾರೆ. ಮೆಕ್ಸಿಕೋದಲ್ಲಂತೂ ಅಂಗಡಿಗೆ ಹೋಗಿ ಮೊಟ್ಟೆ ಕೇಳೋಕೂ ಕೆಲವರಿಗೆ ಮುಜುಗರ, ಅದಕ್ಕೇ ‘ಬ್ಲಾಂಕಿಯೋ’, ಅಂದರೆ ಬೆಳ್ಳಗಿರೋದು ಕೊಡಿ ಅಂತ ಕೇಳ್ತಾರೆ. ಇಂಗ್ಲಿಷ್‌ನವರಿಗೆ ಚೆಂಡು, ಕಾಯಿಬೀಜ. ತಮಿಳರ ‘ಕೊಟ್ಟೈ’ ನಮ್ಮ ಬೀಜವೇ. ಫ್ರೆಂಚರು ಮನೆತನದ ಒಡವೆ ಅಂತಾರೆ, ಜಪಾನಿನವರು ‘ಕಿಂತಮಾ’, ಬಂಗಾರದ ಗುಂಡು. ಅಲ್ಲಿ ಹೋಟೆಲ್ ಬಾಗಿಲಲ್ಲೇ ‘ತನುಕಿ’ ಅನ್ನೋ ಪ್ರಾಣಿಯ ಮಣ್ಣಿನ ಗೊಂಬೆ ನಿಲ್ಲಿಸಿರ್ತಾರೆ, ಜೋತುಬಿದ್ದ ಚೀಲ ಹೊತ್ತುಕೊಂಡು, ವ್ಯಾಪಾರ ಚೆನ್ನಾಗಾಗಲಿ ಅಂತ. ಯಾರೂ ಕಣ್ಣು ಮುಚ್ಚಿಕೊಳ್ಳಲ್ಲ. ನಮ್ಮ ಕಲ್ಯಾಣಮಂಟಪಗಳ ಸ್ಟೇಜಿಗೆ ಕಟ್ಟುವ ಆರ್ಕಿಡ್ ಹೂವಿದೆಯಲ್ಲ, ಅದರ ಹೆಸರು ಬಂದದ್ದೂ ಗ್ರೀಕ್ ಭಾಷೆಯಲ್ಲಿ ಇದಕ್ಕಿರುವ ಪದದಿಂದಲೇ, ಆ ಜಾತಿಯ ಕೆಲವು ಗಿಡಗಳ ಬೇರಿನಲ್ಲಿ ಜೋಡಿ ಗಡ್ಡೆ ಇರುತ್ತವೆ ಅಂತ.

ಮೊಟ್ಟೆ, ಕಾಯಿ, ಬೀಜ, ಎಲ್ಲ ಅಡುಗೆಮನೆ ಇಲ್ಲವೇ ಹೊಲದ ಮಾತು. ನಮ್ಮಲ್ಲಿ ಬೀಜದ ಹೋರಿ ಅಂತ ಜಾತ್ರೆಯಲ್ಲಿ ಎಲ್ಲರ ಮುಂದೆಯೇ ಅಂತೀವಿ, ಎತ್ತಿಗೆ ಬೀಜ ಒಡೆಸಿದ್ರಾ ಅಂತ ಕಟ್ಟೆ ಮೇಲೆ ಕೂತು ಕೇಳ್ತೀವಿ. ಮನುಷ್ಯರ ವಿಷಯ ಬಂದಾಗ ಮಾತ್ರ ನಾಚಿಕೆ. ನನಗೆ ಹಿಡಿಸದ್ದು ಬೇರೆ, ಧೈರ್ಯಕ್ಕೂ ಇದೇ ಪದ ಬಳಸೋದು. ಕ್ರಿಕೆಟ್ ಬಾಲ್ ಒಂದು ಸಲ ಬಡಿಯಲಿ, ಎಂಥ ಶೂರನೂ ಪಿಚ್ ಮೇಲೇ ಕುಕ್ಕರಗಾಲಲ್ಲಿ ಕೂತುಬಿಡ್ತಾನೆ. ಇಟಲಿಯವರು ಇನ್ನೂ ವಿಚಿತ್ರ, ಅದೇ ಪದದಲ್ಲಿ ದಡ್ಡನನ್ನು ಬೈತಾರೆ.

ಇನ್ನು ಲೇಖನದ ಮಾತು. ಬೀಜ ತಿರುಚಿಕೊಂಡರೆ ರಕ್ತ ಹೋಗೋದು ನಿಲ್ಲುತ್ತೆ. ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಜಾಸ್ತಿ, ತಡವಾದಷ್ಟೂ ತೆಗೆದೇ ಹಾಕಬೇಕಾಗಬಹುದು. ಹೆಚ್ಚಾಗಿ ಆಗೋದು 12ರಿಂದ 18 ವಯಸ್ಸಿನ ಹುಡುಗರಿಗೆ. ಅವರು ನಾಚಿಕೊಂಡು ಸುಮ್ನೆ ಹೊಟ್ಟೆನೋವು ಅಂತಾರೆ, ಮನೆಯಲ್ಲಿ ಓಮದ ನೀರು ಕುಡಿಸಿ ಮಲಗಿಸ್ತಾರೆ. ರಾತ್ರಿ ಎರಡಕ್ಕೆ ನೋವಿನಲ್ಲಿ ಎದ್ದ ಹುಡುಗ ‘ಅಮ್ಮಾ, ವೃಷಣ’ ಅಂತಾನಾ? ಹೆಣ್ಣುಮಕ್ಕಳು ಓದುವ ಪತ್ರಿಕೆ ಅಂದಿರಿ. ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡೋರು ಅವರೇ ಅಲ್ವಾ?

ನಿಮ್ಮ ಮಾತನ್ನೂ ತೆಗೆದುಹಾಕಲ್ಲ. ಮುಂದಿನ ಸಲ ‘ವೃಷಣ’ ಅನ್ನೋದನ್ನು ಕಂಸದಲ್ಲಿ ಹಾಕ್ತೀವಿ.